ನಂಗೂ ಸೊಂಟ ಇದೆ

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತ ನಿಂತು ನಿಂತು ಹಿರಿಸೊಸೆಗೆ ಸೊಂಟನೋವು ಗಂಟುಬಿದ್ದು ವರ್ಷಗಳೇ ಆಗಿದ್ದವು. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಿದವರಲ್ಲ. ಆದರೆ ಕಿರಿಸೊಸೆ ನೀರಿನ ಕ್ಯಾನ್ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡಿದ್ದೇ ತಡ, ಮೈದುನ ಕೆಲಸಕ್ಕೆ ರಜೆ ಹಾಕಿ, ಟವೆಲಿನಲ್ಲಿ ಐಸ್ ಸುತ್ತಿಕೊಂಡು ಹೆಂಡತಿಯ ಪಕ್ಕದಲ್ಲೇ ಕೂತುಬಿಟ್ಟ.

"ಹಾಯಾಗಿದ್ಯಾ? ಸ್ವಲ್ಪ ಕೆಳಗಿಡ್ಲಾ?" ಎಂಬ ಅವನ ಮೆಲುದನಿ ಗೋಡೆಯಾಚೆಯಿಂದ ಕೇಳಿದಾಗಲೆಲ್ಲ ಹಿರಿಯವಳ ಹೊಟ್ಟೆಗೆ ಕಿಚ್ಚು ಬೀಳುತ್ತಿತ್ತು. ಸಂಜೆ ಅವಳು ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ಸಿಂಕಿಗೆ ಸುರಿದು, ಏನೂ ಅರಿಯದವಳಂತೆ ಕೈ ಒರೆಸಿಕೊಂಡಳು. ಮೈದುನ ಒಂದು ಮಾತೂ ಗೊಣಗದೆ ಅಂಗಡಿಗೆ ಓಡಿಹೋಗಿ ಐಸ್ ತಂದ. ಅದನ್ನು ನೋಡಿ ಅವಳಿಗೆ ಮತ್ತಷ್ಟು ಉರಿಯಿತು.

ಟಿವಿ ನೋಡುತ್ತಿದ್ದ ಗಂಡನಿಗೆ ಅಡ್ಡವಾಗಿ ಹೋಗಿ ನಿಂತಳು. "ನಂಗೂ ಸೊಂಟ ಇದೆ ಕಣ್ರೀ!"

ಗಂಡ ಗಾಬರಿಯಾಗಿ ಎದ್ದ. ತಮ್ಮ ತಂದ ಐಸಿನಲ್ಲೇ ಒಂದು ಗಡ್ಡೆ ತಂದು ನೇರವಾಗಿ ಅವಳ ಸೊಂಟಕ್ಕೆ ಒತ್ತಿದ. ಅವಳು ಕಿಟಾರನೆ ಕಿರುಚಿಕೊಂಡಳು. "ಅಯ್ಯೋ, ನಂದು ಹಳೇ ನೋವು! ಇದಕ್ಕೆ ಬಿಸಿ ಶಾಖ ಬೇಕು!"

"ಹಳೇದಾ? ಯಾವಾಗಿಂದ?"

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಹಾಗೇ ಬೋರಲು ಮಲಗಿದಳು. ಅವನು ಬಿಸಿನೀರಿನ ಚೀಲ ತುಂಬಿಸಿ, ಬಟ್ಟೆ ಸುತ್ತಿ, ಸೊಂಟದ ಮೇಲಿಟ್ಟು ಪಕ್ಕದಲ್ಲೇ ಕೂತ. ಹಿತವಾಗಿತ್ತು. ಆದರೂ ಅವಳು ಪಕ್ಕದ ಕೋಣೆಗೆ ಕೇಳಲೆಂದು ದನಿ ಏರಿಸಿದಳು: "ಸ್ವಲ್ಪ ಮೇಲೆ ರೀ... ಹಾಂ, ಅಲ್ಲೇ! ಕೈ ತೆಗೀಬೇಡಿ!"