ನೋಡಿದೆ ಸರ್

ಕೋಟಿನ ಮೂರನೆಯ ಗುಂಡಿ ತೂತಿಗೆ ಹೋಗಲೊಲ್ಲದು. ಅವಸರಮ್ಮ ಎರಡೂ ಕೈ ಹಾಕಿ ಒತ್ತಿದಳು. ಗುಂಡಿ ಮತ್ತೆ ಪಕ್ಕಕ್ಕೆ ಜಾರಿತು.

"ಮೆಲ್ಲಗೆ ಹಾಕಮ್ಮ. ಅವನಿಗೀಗ ಯಾವ ಗಡಿಬಿಡೀನೂ ಇಲ್ಲ," ಎಂದರು ಸತ್ತವರ ಅಕ್ಕ.

ಸತ್ತವರು ಗಾಜಪ್ಪ. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ರಕ್ತ ಸವರಿದ ಗಾಜುಗಳ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿಸಿಕೊಂಡವರಿಗೆ ಬಿದ್ದ ಹೆಸರು ಅದು. ಎರಡು ವರ್ಷದ ಹಿಂದೆ ಅವರು ನಿವೃತ್ತರಾದಾಗ ಅವರ ಕುರ್ಚಿ ಅವಸರಮ್ಮನಿಗೆ ಬಂತು. ಅದಕ್ಕೂ ಮೊದಲು, ಅವರ ಕೈಕೆಳಗೆ ಕೆಲಸ ಕಲಿಯಲು ಬಂದ ಮೊದಲ ದಿನವೇ ಮೂರು ಗಾಜು ಒಡೆದವಳಿಗೆ ಆ ಹೆಸರಿಟ್ಟವರೂ ಅವರೇ. ಬಿಳಿ ಕೋಟಿನಲ್ಲೇ ಕಳಿಸಬೇಕು, ತೊಡಿಸಲು ಅವಳೇ ಬರಲಿ ಎಂದು ಗಾಜಪ್ಪನವರ ಹೆಂಡತಿ ಬೆಳಿಗ್ಗೆ ಹೇಳಿಕಳಿಸಿದ್ದರು.

ಆ ಹೆಂಡತಿ ಮಾತ್ರ ಅಡುಗೆಮನೆಯ ಬಾಗಿಲು ಬಿಟ್ಟು ಕದಲಿರಲಿಲ್ಲ. ಗಂಡನ ಹತ್ತಿರ ಒಂದು ಸಲವೂ ಬಂದಿರಲಿಲ್ಲ.

"ಬರೋದಕ್ಕೆ ಮುಖ ಬೇಕಲ್ಲ," ಎಂದರು ಅಕ್ಕ, ಬಾಗಿಲಿಗೆ ಕೇಳಿಸುವ ಹಾಗೆ. "ಚಳಿ ಚಳಿ ಅಂತ ಒದ್ದಾಡೋನ ಹೊದಿಕೆ ಕಿತ್ತು, ನಾಟಕ ಸಾಕು ಏಳಿ ಅಂದಳಂತೆ. ರಕ್ತಕ್ಕೆಲ್ಲ ನಂಜು ಏರಿತ್ತು ನನ್ನ ತಮ್ಮಂಗೆ!"

"ಹೋಗ್ಲಿ ಬಿಡಿ," ಎಂದು ಯಾರೋ ಗೊಣಗಿದರು.

ಅವಸರಮ್ಮ ನಾಲ್ಕನೆಯ ಗುಂಡಿ ಹಾಕಿದಳು. ಹೆಗಲ ಚೀಲದಲ್ಲಿ ಕಾಗದ ಸುತ್ತಿದ ಒಂದು ಗಾಜಿತ್ತು.

*

"ಮಿಷನ್ನು ಎಣಿಸತ್ತೆ ಕಣೇ, ನೋಡಲ್ಲ," ಎನ್ನುತ್ತಿದ್ದರು ಗಾಜಪ್ಪ.

ರಕ್ತಕಣ ಎಣಿಸುವ ಮಿಷನ್ನಿನ ಚೀಟಿ ಎಲ್ಲ ಸರಿ ಎಂದರೂ, ಪ್ರತಿಯೊಬ್ಬರ ರಕ್ತದ್ದೂ ಒಂದು ಹನಿ ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕು. ಅದು ಅವರ ಕಟ್ಟಳೆ. "ಬಿಳಿ ಕಣ ಅಂದ್ರೆ ಮೈಯ ಕಾವಲಿನವರು. ಸೋಂಕು ಮಿತಿಮೀರಿದಾಗ ದೊಡ್ಡವರೆಲ್ಲ ಕಾದಾಡಿ ಮುಗಿದುಹೋಗ್ತಾರೆ. ಆಗ ಮೈ ಇನ್ನೂ ಬಲಿಯದ ಎಳೆಕಣಗಳನ್ನೇ ಕಳಿಸತ್ತೆ. ತಲೆ ಎಣಿಸಿದ್ರೆ ಎಲ್ಲಾ ಸರಿಯಾಗೇ ಇರತ್ತೆ. ಮುಖ ನೋಡಿದ್ರೆ ತಾನೇ ಗೊತ್ತಾಗೋದು, ನಿಂತಿರೋರೆಲ್ಲ ಹಸುಳೆಗಳು ಅಂತ!"

ಕುರ್ಚಿ ಬಂದ ತಿಂಗಳಿಗೇ ಅವಳು ಆ ಕಟ್ಟಳೆ ಕೈಬಿಟ್ಟಳು. ದಿನಕ್ಕೆ ಮುನ್ನೂರು ಟ್ಯೂಬು, ಇರುವುದು ಎರಡು ಕಣ್ಣು. ಮಿಷನ್ನು ಅನುಮಾನಪಟ್ಟರೆ ಮಾತ್ರ ಗಾಜು ಎಂದಳು. ಎಲ್ಲರಿಗೂ ಹಾಯೆನಿಸಿತು.

ಹೋದ ಸೋಮವಾರ ಗಾಜಪ್ಪನವರೇ ಬಂದರು. ಅಂಗಾಲಿಗೆ ಮೊಳೆ ಚುಚ್ಚಿದ ಗಾಯ, ಮೈಯಲ್ಲಿ ನಡುಕ. ರಕ್ತ ಕೊಟ್ಟು ತಮ್ಮ ಹಳೆಯ ಸ್ಟೂಲಿನ ಮೇಲೆ ಕಾದು ಕೂತರು. ಮಿಷನ್ನು ಎಲ್ಲ ಸರಿ ಎಂದಿತು.

"ಗಾಜು ನೋಡಿದ್ಯೇನೇ, ಅವಸರಮ್ಮ?"

ಕಿಟಕಿಯಾಚೆ ನಲವತ್ತು ಜನ ಸಾಲಿನಲ್ಲಿದ್ದರು. ಕಟ್ಟಳೆ ಬಿಟ್ಟೆ ಎಂದು ಅವರ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ.

"ನೋಡಿದೆ ಸರ್. ಏನೂ ಇಲ್ಲ."

"ನೀನು ನೋಡಿದ್ಮೇಲೆ ಮುಗೀತು ಬಿಡು," ಎಂದು ನಕ್ಕು ಎದ್ದರು. ಡಾಕ್ಟರೂ ಅದೇ ಚೀಟಿ ನೋಡಿ, ಮಾತ್ರೆ ಬರೆದು ಮನೆಗೆ ಕಳಿಸಿದರು.

ಮರುದಿನ ಸಂಜೆ ಎಚ್ಚರ ತಪ್ಪಿದ ಗಾಜಪ್ಪನವರನ್ನು ಆಸ್ಪತ್ರೆಗೆ ಹೊತ್ತು ತಂದಾಗ ಅವಳು ಓಡಿಹೋಗಿ ಫ್ರಿಜ್ಜಿನಿಂದ ಸೋಮವಾರದ ಟ್ಯೂಬು ತೆಗೆದು ಗಾಜಿಗೆ ಸವರಿದಳು. ರಕ್ತ ಒಂದು ದಿನ ಹಳತಾಗಿತ್ತು. ಆದರೂ ಎಲ್ಲಿ ನೋಡಿದರೂ ಎಳೆಕಣಗಳು. ಗಾಜಪ್ಪನವರಾಗಿದ್ದರೆ ಒಂದೇ ನಿಮಿಷದಲ್ಲಿ ಎದ್ದು ಡಾಕ್ಟರ ಬಾಗಿಲಿಗೆ ಓಡುತ್ತಿದ್ದರು. ಅವರು ಮತ್ತೆ ಕಣ್ಣು ತೆರೆಯಲಿಲ್ಲ.

*

"ಗಾಡಿ ಬಂತು," ಎಂದು ಹೊರಗಿನಿಂದ ಯಾರೋ ಕೂಗಿದರು.

ಅವಸರಮ್ಮ ಅಡುಗೆಮನೆಗೆ ಹೋದಳು. "ಅಮ್ಮಾ, ಒಂದು ಸಲ ಬಂದು ನೋಡಿ. ಆಮೇಲೆ ಸಿಗಲ್ಲ."

"ಯಾವ ಮುಖ ಇಟ್ಕೊಂಡು ಬರ್ಲಿ?" ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. "ಅವಸರಮ್ಮನೇ ನೋಡಿದ್ದಾಳೆ, ಏನೂ ಇಲ್ವಂತೆ ಅಂದ್ರು. ಮರುದಿನ ಬೆಳಿಗ್ಗೆ ಮತ್ತೆ ಚಳಿ ಅಂದಾಗ ನಂಗೆ ರೇಗಿಹೋಯ್ತು. ರಿಪೋರ್ಟು ಚೆನ್ನಾಗಿದೆಯಲ್ಲ, ಎದ್ದು ಓಡಾಡಿ ಅಂತ ಹೊದಿಕೆ ಕಿತ್ತು ಮಡಚಿ ಇಟ್ಟುಬಿಟ್ಟೆ. ಎರಡು ಸಲ ಕೇಳಿದ್ರು, ಕೊಡಲಿಲ್ಲ. ನಾನೇ ಕೊಂದೆ ಕಣಮ್ಮ."

ಸುಮ್ಮನಿದ್ದರೆ ಆಯಿತು. ಕುರ್ಚಿಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಗಾಜನ್ನು ಕಸದ ಡಬ್ಬಿಗೆ ಹಾಕಿದರೆ ಕೇಳುವವರು ಯಾರು? ಥೂ, ಇಂಥ ಯೋಚನೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಾನು ನೋಡಿರ್ಲಿಲ್ಲ ಅಮ್ಮ."

"ಏನು?"

"ಗಾಜು ನೋಡಿರ್ಲಿಲ್ಲ. ನೋಡಿದೆ ಅಂತ ಸರ್‌ಗೆ ಸುಳ್ಳು ಹೇಳಿದೆ. ನೋಡಿದ್ರೆ ನಂಜಿನ ಸುಳಿವು ಅವತ್ತೇ ಸಿಗ್ತಿತ್ತು. ಮನೆಗೆ ಕಳಿಸ್ತಾನೇ ಇರ್ಲಿಲ್ಲ." ಅವಳು ಕಾಗದ ಬಿಡಿಸಿ ಗಾಜನ್ನು ಮುಂದೆ ಹಿಡಿದಳು. "ಇಲ್ಲಿದೆ."

ಅವರು ಅದನ್ನೇ ದಿಟ್ಟಿಸಿದರು. ಹೊಡೆಯುತ್ತಾರೆ ಅಂದುಕೊಂಡಳು, ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು.

"ನಿನ್ನ ಮಾತು ಅಂದ್ರೆ ಅವರಿಗೆ..." ಎಂದವರೇ ಅವಳ ತೋಳು ಹಿಡಿದು ದರದರ ಎಳೆದುಕೊಂಡು ನಡುಮನೆಗೆ ಬಂದರು. ಬೆಳಗಿನಿಂದ ಮೊದಲ ಸಲ ಬಂದಿದ್ದರು.

"ಹೇಳು. ಇಲ್ಲಿ ಹೇಳು. ಎಲ್ಲರೂ ಕೇಳ್ಲಿ."

ಅಲ್ಲಿ ಲ್ಯಾಬಿನವರಿದ್ದರು. ಚೀಟಿ ನೋಡಿ ಮನೆಗೆ ಕಳಿಸಿದ ಡಾಕ್ಟರಿದ್ದರು. ಅವಸರಮ್ಮ ಹೇಳಿದಳು. ಒಂದು ಮಾತೂ ಬಿಡಲಿಲ್ಲ. ಡಾಕ್ಟರು ನೆಲ ನೋಡುತ್ತ ನಿಂತರು.

"ಹೊತ್ತಾಯ್ತು," ಎಂದ ಗಾಡಿಯವನು, ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ.

"ಇರಪ್ಪ," ಎಂದು ಹೆಂಡತಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಮಡಚಿದ ಹೊದಿಕೆಯಿತ್ತು. ಅಕ್ಕ ಸರಿದು ಜಾಗ ಬಿಟ್ಟರು. ಆ ಸುಡುವ ಮಧ್ಯಾಹ್ನದಲ್ಲಿ ಅವರು ಗಂಡನ ಪಕ್ಕ ಮಂಡಿಯೂರಿ ಕೂತು, ಹೊದಿಕೆ ಬಿಚ್ಚಿ, ಬಿಳಿ ಕೋಟಿನ ಮೇಲೆ ಕತ್ತಿನವರೆಗೂ ಎಳೆದರು. ಗಾಳಿ ನುಗ್ಗದಂತೆ ಎರಡೂ ಬದಿ ಒತ್ತಿ ಸಿಕ್ಕಿಸಿದರು. ಆಮೇಲೆ ಸರಿದುಹೋಗಿ, ಪಟ್ಟಿ ಕಟ್ಟಿದ ಅಂಗಾಲನ್ನೂ ಮುಚ್ಚಿದರು.