ಬೇಕೆಂದೇ ಬರೆದ ತಪ್ಪು

ನಲವತ್ತು ದಾಟಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಬೇರೆಯವರೂ ಅದೇ ಹೆಸರನ್ನು ಹಿಡಿದುಕೊಂಡಿದ್ದರು. ಹೊಲಿಗೆಯಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು ಪುಟ್ಟಿ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು: ಹಲ್ಲಿನ ಡಾಕ್ಟರಿಗೆ, ಡ್ರೈವಿಂಗ್ ಶಾಲೆಗೆ, ಚುನಾವಣೆ ಬಂತೆಂದರೆ ಯಾವ ಪಕ್ಷಕ್ಕಾದರೂ ಸರಿ. ಅಕ್ಕನದು ಹಳೆಯ ಮಾರುಕಟ್ಟೆಯಲ್ಲಿ ಗುಂಡಿ, ದಾರ, ಲೇಸಿನ ಅಂಗಡಿ.

ಆ ಮಾರುಕಟ್ಟೆಯನ್ನು ಕೆಡವಿ ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸುವ ಮಾತು ಎರಡು ವರ್ಷದಿಂದ ನಡೆದಿತ್ತು. ವ್ಯಾಪಾರಿಗಳ ಸಂಘ ಸುತಾರಾಂ ಒಪ್ಪಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಕನ್ನಡಕದವನೊಬ್ಬ ಮೆಟ್ಟಿಲು ಹತ್ತಿ ಬಂದ. ಹೋಗೋಣ ಎನ್ನುವ ವ್ಯಾಪಾರಿಗಳೂ ಇದ್ದಾರಂತೆ. ಅವರ ಚಳವಳಿಗೆ ಸೈಟು ಬೇಕಂತೆ.

ಮೊದಲ ನಮೂನೆ ತೋರಿಸಿದ ದಿನವೇ ಪುಟ್ಟಿಗೆ ಅನುಮಾನ ಹತ್ತಿತು.

"ತುಂಬಾ ನೀಟಾಗಿದೆ ಮೇಡಂ," ಎಂದ ಅವನು. "ಕೈಯಲ್ಲಿ ಬರೆದ ಹಾಗಿರಲಿ. ಫೋಟೋ ಸ್ವಲ್ಪ ಸೊಟ್ಟಗಿರಲಿ. ಇಲ್ಲಿ ಹಕ್ಕು ಅಂತ ಇದೆಯಲ್ಲ, ಅದನ್ನ ಅಕ್ಕು ಮಾಡಿ."

"ತಪ್ಪಾಗುತ್ತಲ್ಲ ಸಾರ್?"

"ಆಗ್ಲಿ ಬಿಡಿ. ಅವರೇನು ಓದಿದವರಾ?"

ಹದಿನೈದು ವರ್ಷದಲ್ಲಿ ಯಾವ ಸಂಘವೂ ಹೀಗೆ ಕೇಳಿದ್ದಿಲ್ಲ. ಮನೆಗೆಲಸದ ಹೆಂಗಸರು ಬ್ಯಾಂಕಿನ ಸೈಟಿನ ಹಾಗೇ ಬೇಕೆಂದು ಪಟ್ಟು ಹಿಡಿದಿದ್ದರು. ಇದೇ ಮಾರುಕಟ್ಟೆಯ ಸಂಘಕ್ಕೆ ಅವಳು ಪುಕ್ಕಟೆಯಾಗಿ ಮಾಡಿಕೊಟ್ಟ ಸೈಟಿಗೆ ಅದರ ಕಾರ್ಯದರ್ಶಿ, ಬೀಗ ರಿಪೇರಿಯವನು, ಚಿನ್ನದ ಬಣ್ಣದ ಅಂಚು ಹಾಕಿಸಿಕೊಂಡಿದ್ದ. ಬಡವರ ಹಾಗೆ ಕಾಣಲಿ ಎಂದು ಬಂದವನು ಇವನೊಬ್ಬನೇ.

"ಆ ವ್ಯಾಪಾರಿಗಳನ್ನ ಒಂದ್ಸಲ ನೋಡಬಹುದಾ?" ಎಂದಳು.

"ಅವರಿಗೆ ಬಿಡುವೆಲ್ಲಿ ಮೇಡಂ," ಎಂದು ನಕ್ಕು, ಸಂಜೆಯೊಳಗೆ ಹನ್ನೊಂದು ಫೋಟೋ ಕಳಿಸಿದ.

ಪುಟ್ಟಿ ಅವನ್ನು ಹಿಗ್ಗಿಸಿ ನೋಡಿದಳು. ತರಕಾರಿ ಬುಟ್ಟಿಗಳ ಮುಂದೆ ನಗುತ್ತಿದ್ದವರ ಏಪ್ರನ್ನುಗಳ ಮೇಲೆ ಮಣ್ಣಿನ ಕಲೆ. ಆ ಕಲೆಯ ಅಡಿಯಲ್ಲಿ, ಆಗಷ್ಟೇ ಪ್ಯಾಕೆಟ್ ಬಿಚ್ಚಿದ ಬಟ್ಟೆಯ ಮಡಿಕೆ ಗೆರೆ. ಒಬ್ಬರ ಉಗುರಿನಲ್ಲೂ ಕೊಳೆಯಿಲ್ಲ.

ಆದರೂ ಮಾಡಿಕೊಟ್ಟಳು. ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ತಲೆಬರಹವನ್ನು ಎಡಗೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಹಾಕಿದಳು. ಅಂಕುಡೊಂಕಾದ ಆ 'ಅಕ್ಕು' ಎಷ್ಟು ಸಹಜವಾಗಿ ಬಂದಿತ್ತೆಂದರೆ, ಒಳಗೊಳಗೇ ಹೆಮ್ಮೆಯೂ ಆಯಿತು.

ಎರಡು ವಾರ ಕಳೆದು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಳು. ಅಕ್ಕ ಬಡಿಸಿ ಕೂತು ಫೋನನ್ನು ಅವಳ ಮುಂದೆ ಹಿಡಿದಳು.

"ನೋಡೇ ಪುಟ್ಟಿ, ಹೊಸ ಕಟ್ಟಡಕ್ಕೆ ಹೋಗೋಣ ಅನ್ನೋರ ಸೈಟು. ಹಕ್ಕು ಅಂತ ನೆಟ್ಟಗೆ ಬರೆಯೋಕೂ ಬರಲ್ಲ, ಪಾಪ. ಇಂಥವರು ಸುಳ್ಳು ಹೇಳ್ತಾರಾ? ನಾನೂ ಸಹಿ ಹಾಕ್ದೆ."

ಪುಟ್ಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. "ಸಂಘದವರ ಮಾತು ಕೇಳಬಾರದಿತ್ತಾ?"

"ಅವರ ಸೈಟು ನೀನೇ ಮಾಡಿದ್ದು, ಬೇಜಾರು ಮಾಡ್ಕೋಬೇಡ. ಆದ್ರೆ ಬೀಗ ರಿಪೇರಿ ಮಾಡೋನಿಗೆ ಅಷ್ಟೊಂದು ಥಳಕು ಯಾಕೆ? ಎಲ್ಲೋ ತಿಂದಿದ್ದಾನೆ ಅಂತ ನಂಗೆ ಆಗಲೇ ಡೌಟು."

"ಅಕ್ಕಾ, ಇದನ್ನೂ ನಾನೇ ಮಾಡಿದ್ದು."

ಎಡಗೈ, ಏಪ್ರನ್ನು, ಕನ್ನಡಕದವನು, ಎಲ್ಲವನ್ನೂ ಹೇಳಿದಳು. ಅಕ್ಕ ಅರ್ಧ ಊಟಕ್ಕೇ ಕೈ ತೊಳೆದಳು.

"ಮೊದಲೇ ಯಾಕೆ ಬಾಯಿ ಬಿಡಲಿಲ್ಲ?"

"ಅನುಮಾನ ಇತ್ತು ಅಷ್ಟೆ. ಖಾತ್ರಿ ಇರಲಿಲ್ಲ."

"ಅನುಮಾನ ಇಟ್ಕೊಂಡೇ ಬರೆದೆ," ಎಂದಳು ಅಕ್ಕ.

ಮರುದಿನ ಪುಟ್ಟಿ ಕನ್ನಡಕದವನಿಗೆ ಫೋನು ಮಾಡಿ, ಇದು ನಿಜವಾಗಿ ಯಾರ ಸೈಟು ಎಂದು ಕೇಳಿದಳು. "ಪಾಸ್‌ವರ್ಡ್ ಬದಲಾಯಿಸಿದ್ದೀವಿ ಮೇಡಂ, ಥ್ಯಾಂಕ್ಸ್," ಎಂದು ಇಟ್ಟುಬಿಟ್ಟ. ಪುಟ್ಟಿ ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಬೀಗದವನ ಅಂಗಡಿಗೆ ಹೋದಳು. ಅವನು ಎಲ್ಲ ಕೇಳಿಸಿಕೊಂಡು ಬೀಗದ ಕೈ ಉಜ್ಜುತ್ತಿದ್ದ ಅರವನ್ನು ಪಕ್ಕಕ್ಕಿಟ್ಟು, "ಇದನ್ನ ತೋರಿಸೋಕೆ ನಿಮ್ಮನ್ನ ಯಾರು ಕಳಿಸಿದ್ದು?" ಎಂದು ಕೇಳಿದ.

"ಯಾರೂ ಇಲ್ಲ."

ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ನಾಲ್ಕು ಜನರನ್ನು ಕರೆದ. ನಾಲ್ಕು ಜನ ನಲವತ್ತಾದರು. ಫೋಟೋ ಹಿಗ್ಗಿಸಿ ಮಡಿಕೆ ಗೆರೆ ತೋರಿಸಿದಾಗ ತರಕಾರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿಸಿ ಪುಟ್ಟಿಯ ಕಡೆ ತಿರುಗಿದ ಮುಖಗಳಲ್ಲಿ ನಗು ಉಳಿದಿರಲಿಲ್ಲ. ಆ ವಾರ ಸೈಟಿನಲ್ಲಿ ಸಹಿ ಹಾಕಿದ್ದ ಹಲವರು ಹೆಸರು ತೆಗೆಸಿದರು. ಅಕ್ಕನೂ ತೆಗೆಸಿದಳು, ಆದರೆ ಬೇಡವೆನ್ನುವ ಸಂಘದ ಪಟ್ಟಿಗೂ ಹೆಸರು ಸೇರಿಸಲಿಲ್ಲ. ಸೈಟು ಇನ್ಯಾರದೋ ಕೈಯಲ್ಲಿ ಮುಂದುವರಿದಿದೆ. ಮಾರುಕಟ್ಟೆಯ ತೀರ್ಮಾನವನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾರೆ.

ಅಕ್ಕ ಈಗಲೂ ಊಟಕ್ಕೆ ಕರೆಯುತ್ತಾಳೆ. ಮೊನ್ನೆ ಪುಟ್ಟಿ, "ನಾಳೆ ಇಡೀ ದಿನ ಕರೆಂಟ್ ಇರಲ್ವಂತೆ," ಎಂದಳು. ಅಕ್ಕ ಹ್ಞೂಂ ಎಂದಳು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಪಕ್ಕದ ಮನೆಯವರನ್ನು ಹೌದಾ ಎಂದು ಕೇಳಿಕೊಂಡು ಬಂದಳು.