ಬೀಳಿಸಮ್ಮ

ಅಂಗಡಿಯವನು ಹಿಟ್ಟಿನ ಪೊಟ್ಟಣವನ್ನು ಕೈಗಿತ್ತ ಕೂಡಲೇ ನಮ್ಮ ಅತ್ತೆ ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕ್ಷಣಕಾಲ ಸುಮ್ಮನಿದ್ದು, ನೆಲಕ್ಕೆ ಬಿಟ್ಟುಬಿಡುತ್ತಿದ್ದರು. ಕೈತಪ್ಪಿ ಬಿದ್ದದ್ದಲ್ಲ, ಬೇಕೆಂದೇ ಬಿಟ್ಟದ್ದು. ಬಿದ್ದ ಪೊಟ್ಟಣದ ಸುತ್ತ ಸೊಂಟ ಬಗ್ಗಿಸಿ ಒಂದು ಪ್ರದಕ್ಷಿಣೆ ಬಂದು, ಮೂಲೆಗಳಿಂದ ಪುಡಿ ಹಾರಿದೆಯೋ ಇಲ್ಲವೋ ನೋಡುವರು. ಹಾರಿರದಿದ್ದರೆ ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿ ಕಂಕುಳಲ್ಲಿಟ್ಟುಕೊಳ್ಳುವರು, ಹಾರಿದ್ದರೆ "ಇದು ಯಾಕೆ ಹೀಗೆ?" ಎಂದು ಆ ಅಂಗಡಿಯವನನ್ನೇ ಕೇಳುವರು, ಪೊಟ್ಟಣಕ್ಕೆ ಅಂಟು ಹಚ್ಚಿದವನು ಅವನೇ ಎಂಬಂತೆ. ಒಡೆದದ್ದನ್ನೂ ಬಿಡದೆ ಕೊಂಡೊಯ್ಯುತ್ತಿದ್ದುದರಿಂದ ಅವನಿಗೆ ತಕರಾರೇನೂ ಇರಲಿಲ್ಲ. ಅತ್ತೆ ಬರುವುದು ಕಂಡರೆ ಹಳೆಯ ಗೋಣಿತಟ್ಟೊಂದನ್ನು ಅವನು ನೆಲಕ್ಕೆ ಹಾಸುವನು. ಅತ್ತೆ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬರಿಯ ನೆಲದ ಮೇಲೆಯೇ ಬೀಳಿಸುವರು.

ಅವರ ಉದ್ಯೋಗವೇ ಅದಾಗಿತ್ತು. ಹಾಲಿನ ಪುಡಿ, ಮೈದಾ, ಸಕ್ಕರೆ ಪುಡಿಗಳನ್ನು ತುಂಬುವ ದೊಡ್ಡ ಕಾಗದದ ಚೀಲಗಳ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗಕ್ಕೆ ಅವರು ಮುಖ್ಯಸ್ಥೆ. ಪ್ರತಿ ತಂಡದಿಂದ ಕೆಲವು ಚೀಲಗಳನ್ನು ಆರಿಸಿ, ಪುಡಿ ತುಂಬಿಸಿ, ಬಾಯಿ ಮುಚ್ಚಿಸಿ, ಎತ್ತರದ ಹಲಗೆಯ ಮೇಲಿಂದ ಒಮ್ಮೆ ಬೆನ್ನ ಮೇಲೆ, ಒಮ್ಮೆ ತಳದ ಮೇಲೆ, ಒಮ್ಮೆ ಮೂಲೆಯ ಮೇಲೆ ಬೀಳುವಂತೆ ಬಿಟ್ಟು, ಯಾವುದು ಎಲ್ಲಿ ಬಾಯಿ ಬಿಟ್ಟಿತೆಂದು ನೋಡುವುದು ಅವರ ದಿನಚರಿ. ಕಾರ್ಖಾನೆಯಲ್ಲಿ ಅವರಿಗೆ 'ಬೀಳಿಸಮ್ಮ' ಎಂದೇ ಹೆಸರು. ಬೆನ್ನ ಹಿಂದೆ ಇಟ್ಟ ಹೆಸರು. ಆದರೆ ಅದು ಕಿವಿಗೆ ಬಿದ್ದ ದಿನ ಅವರು ಕೋಪಿಸಿಕೊಳ್ಳದೆ, ಇಟ್ಟವರು ಯಾರು ಎಂದೂ ವಿಚಾರಿಸದೆ, "ಪರವಾಗಿಲ್ಲ, ಅಮ್ಮ ಅಂತಲಾದ್ರೂ ಸೇರಿಸಿದಾರಲ್ಲ" ಎಂದರಂತೆ.

ಓದಿನ ಕಾಲದಲ್ಲಿ ನಾನು ಅವರ ಮನೆಯಲ್ಲಿದ್ದೆ. ಅವರ ಆಕೃತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಮೊಣಕಾಲಿನವರೆಗೆ ಇಳಿಬಿದ್ದ ಬೂದುಬಣ್ಣದ ಕೋಟು, ಎಷ್ಟು ಒಗೆದರೂ ಅದರ ಮಡಿಕೆಗಳಲ್ಲಿ ಉಳಿಯುತ್ತಿದ್ದ ಬಿಳಿಯ ಧೂಳು, ಎರಡೂ ಜೇಬುಗಳಲ್ಲಿ ಉಬ್ಬಿಕೊಂಡಿರುತ್ತಿದ್ದ ಕಾಗದದ ಚೂರುಗಳು. ನಡೆಯುವಾಗ ಅವರ ದೃಷ್ಟಿ ಸದಾ ನೆಲದ ಮೇಲೆ. ಅದನ್ನು ವಿನಯವೆಂದು ಭಾವಿಸಿ ಮೆಚ್ಚಿಕೊಂಡ ನೆಂಟರು ಹಲವರಿದ್ದರು. ವಾಸ್ತವವಾಗಿ ಅವರು ನೋಡುತ್ತಿದ್ದುದು, ಲಾರಿಯಿಂದ ಗೋದಾಮಿನವರೆಗೆ ಎಲ್ಲಾದರೂ ಪುಡಿಯ ಗೆರೆ ಬಿದ್ದಿದೆಯೇ ಎಂಬುದನ್ನು. ವರ್ಷಗಟ್ಟಲೆ ಹಾಗೆ ನಡೆದವರಿಗೆ ಬೀದಿಯಲ್ಲಿಯೂ ತಲೆಯೆತ್ತಲು ಮರೆತುಹೋಗಿತ್ತು. ಯಾರಾದರೂ ಲಕೋಟೆ ಕೊಟ್ಟರೆ ಒಳಗಿನದನ್ನು ಓದುವ ಮೊದಲು ಅದರ ಅಂಚನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು, ನಾರಿನ ಎಳೆ ಯಾವ ಕಡೆಗೆ ಓಡಿದೆಯೆಂದು ಬೆಳಕಿಗೆ ಹಿಡಿದು ನೋಡುವರು. ಮಾತಿನ ಕೊನೆಗೆ "ಇರಲಿ, ಆದ್ರೆ ಯಾಕೆ?" ಎಂಬುದು ಬಾಲದಂತೆ ಅಂಟಿಕೊಂಡೇ ಇರುತ್ತಿತ್ತು. ಪಕ್ಕದ ಮನೆಯಾಕೆ ಗಂಡನೊಡನೆ ಜಗಳವಾಡಿ ಬಂದು ಅತ್ತು, ಸಮಾಧಾನಗೊಂಡು, ಇನ್ನೇನು ಎದ್ದು ಹೊರಡಬೇಕು, ಆಗ ಅತ್ತೆ "ಇರಲಿ, ಆದ್ರೆ ಯಾಕೆ?" ಎಂದುಬಿಟ್ಟು, ಆಕೆ ಮತ್ತೆ ಮೊದಲಿನಿಂದ ಅಳತೊಡಗಿದ್ದು ನಮ್ಮ ಮನೆಯಲ್ಲಿ ಬಹುಕಾಲ ನಗೆಯ ವಿಷಯವಾಗಿತ್ತು.

ಮಾವ ಅದೇ ಕಾರ್ಖಾನೆಯಲ್ಲಿ ಅಂಟಿನ ಮೇಸ್ತ್ರಿ. ಚೀಲದ ತಳವನ್ನು ಮಡಿಸಿ ಅಂಟಿಸುವ ವಿಭಾಗವೆಲ್ಲ ಅವರ ಕೈಕೆಳಗೆ. ಮದುವೆಗೆ ಮುಂಚೆ, ತಮ್ಮ ತಂಡದ ಚೀಲಗಳನ್ನೇಕೆ ತಿರಸ್ಕರಿಸಿದಿರಿ ಎಂದು ಜಗಳಕ್ಕೆಂದೇ ಪರೀಕ್ಷಾ ಕೋಣೆಗೆ ಹೋದವರು, ಮರುದಿನ ಜಗಳವಿಲ್ಲದೆಯೂ ಹೋದರು. "ಅಂಟಿನ ವಿಷಯ ಮಾತಾಡೋಕೆ ಬಂದ ಮನುಷ್ಯ, ಅಂಟ್ಕೊಂಡ್ರು" ಎಂದು ಅತ್ತೆ ಹೇಳುವಾಗ ಮಾವ ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಮಿತಭಾಷಿ, ಮಾನಿಷ್ಠ, ತಮ್ಮ ಅಂಟಿನ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ಊಟ ಬಿಟ್ಟು ಏಳುವಂಥವರು.

ಅಂಥ ಮನೆಗೆ ಹಾಲಿನ ಪುಡಿಯ ಪ್ರಕರಣ ಬಂದಿತು. ಪಕ್ಕದ ಊರಿನ ಹಾಲಿನ ಕಾರ್ಖಾನೆ ನಮ್ಮವರಿಂದ ಚೀಲ ಕೊಳ್ಳುತ್ತಿತ್ತು. ಒಂದರ ಮೇಲೊಂದು ಪೇರಿಸಿಟ್ಟ ಚೀಲಗಳು ತಳ ಬಿಚ್ಚಿಕೊಂಡು ಪುಡಿಯೆಲ್ಲ ನೆಲದ ಪಾಲಾಗುತ್ತಿದೆ, ಇದು ಆಸ್ಪತ್ರೆಗಳಿಗೆ, ಎಳೆ ಮಕ್ಕಳಿಗೆ ಹೋಗುವ ವಸ್ತು, ಹೀಗಾದರೆ ನಿಮ್ಮ ಸಹವಾಸವೇ ಬೇಡ ಎಂದು ಅಲ್ಲಿಂದ ಖಡಾಖಂಡಿತ ಮಾತು ಬಂದಿತು. ಒಡೆದ ಚೀಲಗಳನ್ನು ತರಿಸಿ ಅತ್ತೆಯ ಮುಂದೆ ಹಾಕಲಾಯಿತು. ಮ್ಯಾನೇಜರು, ಮೇಸ್ತ್ರಿಗಳೆಲ್ಲ ಸುತ್ತ ನಿಂತಿದ್ದ ಸಭೆಯಲ್ಲಿ ಅತ್ತೆ ಒಂದು ಚೀಲದ ತಳವನ್ನು ಬೆರಳಿನಿಂದ ಬಿಡಿಸಿ ತೋರಿಸಿ, "ಕಾಗದ ಹರಿದಿಲ್ಲ. ಬಿಟ್ಟಿರೋದು ಅಂಟು" ಎಂದರು. ಅಷ್ಟೇ. ಎದುರಿಗಿದ್ದ ಮಾವನ ಕಡೆ ನೋಡಲೂ ಇಲ್ಲ.

ಮಾವನನ್ನು ಅಂಟಿನ ವಿಭಾಗದಿಂದ ಬಿಡಿಸಿ ಗೋದಾಮಿಗೆ ಹಾಕಿದರು. ಆ ಸಂಜೆಯಿಂದ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತು ನಿಂತಿತು. ಹೇಳಬೇಕಾದದ್ದೆಲ್ಲ ಮಾವನ ತಾಯಿಯ ಮೂಲಕ ಸಾಗತೊಡಗಿತು. "ಅಮ್ಮ, ಊಟ ಆರ್ತಾ ಇದೆ ಅಂತ ಹೇಳಿ." "ಅಮ್ಮ, ಹಸಿವಿಲ್ಲ ಅಂತ ಹೇಳು." ಒಂದು ದಿನ ಆ ಮುದುಕಿ ತಟ್ಟೆಯನ್ನು ಕುಕ್ಕಿ, "ನಾನೇನು ಈ ಮನೇಲಿ ಟೆಲಿಫೋನಾ? ಇಬ್ಬರೂ ನನ್ನ ಕಿವಿ ಹಿಡ್ಕೊಂಡು ನೇತಾಡ್ತಾ ಇದೀರಿ!" ಎಂದು ರೇಗಿದರು. ನಾನು ನಕ್ಕೆ. ಮಿಕ್ಕವರು ಯಾರೂ ನಗಲಿಲ್ಲ.

ಇತ್ತ ಕಾರ್ಖಾನೆಯಲ್ಲಿ ಹೊಸ ಅಂಟು ಬಂದಿತು, ಹೊಸ ಮೇಸ್ತ್ರಿ ಬಂದ. ಸಾಲದೆಂದು ಕಾಗದವನ್ನೂ ಬದಲಿಸಿ, ಮೊದಲಿಗಿಂತ ದಪ್ಪನಾದ, ನುಣುಪಾದ, ಹಲಗೆಯಂತೆ ಬಿರುಸಾದ ಕಾಗದವನ್ನು ಹಾಕಿದರು. ಅತ್ತೆಯ ಕೋಣೆಯಲ್ಲಿ ಆ ಚೀಲಗಳು ಎಷ್ಟು ಸಲ ಬಿದ್ದರೂ ಜಗ್ಗಲಿಲ್ಲ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಹಾಲಿನ ಕಾರ್ಖಾನೆಯಿಂದ ಬಂದ ಸುದ್ದಿ ಬೇರೆಯೇ ಇತ್ತು: ಈಗ ಮೊದಲಿಗಿಂತ ಹೆಚ್ಚು ಒಡೆಯುತ್ತಿವೆ.

ಬೇರೆ ಯಾರಾದರೂ ಆಗಿದ್ದರೆ ಹೊಸ ಅಂಟನ್ನೂ ಬೈದು ಸುಮ್ಮನಾಗುತ್ತಿದ್ದರು. ಅತ್ತೆಗೆ ಊಟ ಸೇರದಾಯಿತು. ಅದು ಪಶ್ಚಾತ್ತಾಪವೆಂದು ಆಗ ನಾನು ತಿಳಿದಿದ್ದೆ. ಈಗ ನೆನೆದರೆ, ಅವರ ಮುಖದಲ್ಲಿದ್ದದ್ದು ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಸಿವು. "ಗಟ್ಟಿ ಮಾಡಿದಷ್ಟೂ ಒಡೆಯುತ್ತೆ ಅಂದ್ರೆ, ಯಾಕಿರಬಹುದು ಹೇಳು?" ಎಂದು ನನ್ನನ್ನು ಕೇಳುವರು, ನನ್ನ ಉತ್ತರಕ್ಕೆ ಕಾಯುವರೇ ಎಂದರೆ ಅದೂ ಇಲ್ಲ. ಕೊನೆಗೆ ರಜೆ ಹಾಕಿ ಹಾಲಿನ ಕಾರ್ಖಾನೆಗೇ ಹೊರಟರು. ಬಸ್ಸಿನಲ್ಲಿ ಒಬ್ಬರೇ ಕೂತು ಅಭ್ಯಾಸವಿಲ್ಲವೆಂದು ನನ್ನನ್ನೂ ಎಳೆದುಕೊಂಡು ಹೋದರು.

ಪುಡಿ ತುಂಬುವ ಆ ಉದ್ದನೆಯ ಕೋಣೆಯಲ್ಲಿ ಬೆಳಕೇ ಮಸುಕಾಗಿತ್ತು, ಗಾಳಿಯೆಲ್ಲ ಸಿಹಿ ಸಿಹಿಯಾಗಿತ್ತು. ಮೇಲಿನ ಕೊಳವೆಯಿಂದ ಆಗತಾನೇ ತಯಾರಾದ ಪುಡಿ ಹೊಗೆಯಂತೆ ಹಗುರವಾಗಿ ಸುರಿಯುತ್ತಿತ್ತು. ತುಂಬಿ ಮುಚ್ಚಿದ ಚೀಲ ನಮ್ಮಲ್ಲಿಯ ಹಾಗೆ ಚಪ್ಪಟೆಯಾಗಿರದೆ, ಊದಿದ ದಿಂಬಿನಂತೆ ದುಂಡಗಾಗಿ, ಮುಟ್ಟಿದರೆ ಟೊಣ್ ಎನ್ನುವಂತಿತ್ತು. ಅತ್ತೆ ಒಂದನ್ನು ತಬ್ಬಿಕೊಂಡು ಕಿವಿಯಿಟ್ಟರು.

"ಇಷ್ಟು ಗುಂಡಗಿರೋದನ್ನ ಹ್ಯಾಗಪ್ಪ ಪೇರಿಸ್ತೀರಿ?" ಎಂದು ತುಂಬುವವನನ್ನು ಕೇಳಿದರು.

"ಹ್ಯಾಗೆ ಅಂದ್ರೆ, ಮೇಲೆ ಕೂತ್ಕೋತೀವಿ ಅಮ್ಮ. ಚಪ್ಪಟೆ ಆಗುತ್ತೆ. ಮೊದಲೆಲ್ಲ ಬೇಗ ಆಗ್ತಿತ್ತು, ಈ ಹೊಸ ಚೀಲ ಜಪ್ಪಯ್ಯ ಅನ್ನೋಲ್ಲ."

ಅತ್ತೆ ಸುತ್ತಲೂ ಒಮ್ಮೆ ನೋಡಿ, ಕೋಟಿನ ಅಂಚನ್ನು ಒತ್ತಟ್ಟಿಗೆ ಹಿಡಿದು, ಚೀಲದ ಮೇಲೆ ಕುಳಿತೇಬಿಟ್ಟರು. ಅದು ಕ್ಷಣಕಾಲ ಅವರನ್ನು ಹೊತ್ತುಕೊಂಡಿತು. ಮರುಕ್ಷಣ ಡಬ್ಬೆಂದು ತಳ ಬಿಚ್ಚಿ, ಬಿಳಿಯ ಮೋಡವೊಂದು ಎದ್ದು ಕೋಣೆಯನ್ನೆಲ್ಲ ನುಂಗಿತು. ಮೋಡ ಇಳಿದಾಗ ಅತ್ತೆ ನೆಲದ ಮೇಲೆ ಕುಳಿತಿದ್ದರು, ಹುಬ್ಬು, ರೆಪ್ಪೆ, ತಲೆ ಎಲ್ಲ ಬೆಳ್ಳಗೆ. ನಾನು ಓಡಿಹೋಗಿ ಎಬ್ಬಿಸಲು ಕೈಹಿಡಿದರೆ ಅವರು ಏಳಲೊಲ್ಲರು, ನಗುತ್ತಿದ್ದರು.

"ಗಾಳಿ ಕಣೇ! ಒಳಗಿರೋ ಗಾಳಿ! ಹೊರಗೆ ಹೋಗೋಕೆ ದಾರಿ ಇಲ್ಲದೆ ತಳ ಒದ್ದುಕೊಂಡು ಹೋಗ್ತಾ ಇದೆ. ನಾವು ಕಾಗದ ದಪ್ಪ ಮಾಡಿ, ಇದ್ದ ದಾರೀನೂ ಮುಚ್ಚಿಬಿಟ್ವಿ!"

ತಮ್ಮ ಕೋಣೆಯ ಪರೀಕ್ಷೆಯಲ್ಲಿ ಇದು ಏಕೆ ಕಾಣಲಿಲ್ಲವೆಂಬುದೂ ಅವರಿಗೆ ಅಲ್ಲಿಯೇ ಹೊಳೆಯಿತು. ಅಲ್ಲಿ ಬಳಸುತ್ತಿದ್ದದ್ದು ತಿಂಗಳುಗಟ್ಟಲೆ ಬಿದ್ದು ಬಿದ್ದು ಅಡಕವಾಗಿ, ಗಾಳಿಯೆಲ್ಲ ಕಳೆದುಕೊಂಡ ಹಳೆಯ ಪುಡಿ. ತವರಿನಲ್ಲಿ ಸಾಧುವಾಗಿದ್ದ ಚೀಲ ಗಂಡನ ಮನೆಯಲ್ಲಿ ಸಿಡಿಯುತ್ತಿದ್ದುದು ಅದಕ್ಕೇ.

ಹಿಂದಿರುಗುವಾಗ ಬಸ್ಸಿನಲ್ಲಿ ಅವರ ಕೇಕೆ ಅಡಗಿತ್ತು. ಅರ್ಧ ದಾರಿ ಕಳೆದ ಮೇಲೆ, ಕಿಟಕಿಯ ಕಡೆ ತಿರುಗಿಕೊಂಡೇ, "ಅಂಟು ಬಿಟ್ಟಿದ್ದು ನಿಜ. ಆದ್ರೆ ಅದು ಅಂಟಿನ ತಪ್ಪಲ್ಲ. ಇದನ್ನ ನಿಮ್ಮ ಮಾವನ ಹತ್ತಿರ ಹ್ಯಾಗೆ ಹೇಳಲಿ?" ಎಂದರು.

"ಮನೇಲಿ, ಮೆತ್ತಗೆ ಹೇಳಿ ಅತ್ತೆ."

"ಮಾನ ಹೋಗಿದ್ದು ಮನೇಲಲ್ಲ. ಮನೇಲಿ ಕೊಟ್ಟರೆ ಅವರಿಗೆ ಸೇರುತ್ತಾ?"

ಮರುದಿನ ಅವರೇ ಸಭೆ ಸೇರಿಸಿದರು. ಗೋದಾಮಿನಿಂದ ಮಾವನನ್ನೂ ಕರೆಸಿದರು. ಅಲ್ಲಿ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ, ಎರಡೂ ಒಂದೇ ತೆರನಾಗಿವೆ. ಅತ್ತೆ ಎದ್ದು ನಿಂತು, ತಾವು ಕೊಟ್ಟ ತೀರ್ಪು ತಪ್ಪೆಂದೂ, ಕಂಡದ್ದನ್ನು ಕಂಡಂತೆ ಹೇಳಿದರೂ ಕಾಣದ್ದನ್ನು ಹುಡುಕಲಿಲ್ಲವೆಂದೂ ಹೇಳಿ, ಎಲ್ಲರ ಮುಂದೆ ಮಾವನ ಕಡೆ ತಿರುಗಿ, "ತಪ್ಪು ನನ್ನದು ರೀ" ಎಂದರು. ಮಾವ ತಮ್ಮ ಅಂಗೈಗಳನ್ನು ನೋಡಿಕೊಂಡೇ ಹೇಳಿದರಂತೆ:

"ಅಂಟೂ ಒಂಚೂರು ತೆಳ್ಳಗಿತ್ತು. ಆ ವಾರ ನೀರು ಜಾಸ್ತಿ ಬಿದ್ದಿತ್ತು. ನನಗೆ ಗೊತ್ತಿತ್ತು."

ಕೆಲಸ, ಮರ್ಯಾದೆ ಎರಡೂ ಕೈಗೆ ಮರಳುತ್ತಿದ್ದ ಗಳಿಗೆಯಲ್ಲಿ ಯಾರೂ ಕೇಳದೆಯೇ ಆಡಿದ ಮಾತು ಅದು. ಅಷ್ಟು ದಿನ ಅವರು ಮಾತು ಬಿಟ್ಟಿದ್ದದ್ದು ಸಿಟ್ಟಿಗೋ, ಈ ಗುಟ್ಟಿಗೋ ನಾನರಿಯೆ. 'ನೋಡಿದಿರಾ, ನಾನು ಹೇಳಲಿಲ್ಲವೇ' ಎನ್ನಲು ಅತ್ತೆಗೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನು ದೊರೆಯುವಂತಿರಲಿಲ್ಲ. ಆದರೆ ಅವರು ಮುಂದಕ್ಕೆ ಬಾಗಿ, ಕಣ್ಣರಳಿಸಿ, "ಹೌದಾ? ಎಷ್ಟು ತೆಳ್ಳಗಿತ್ತು?" ಎಂದು ಕೇಳಿದರಂತೆ. ಆ ಸ್ವರದಲ್ಲಿ ಗೆಲುವಿನ ಸೋಂಕೂ ಇರಲಿಲ್ಲವೆಂದು ಮಾವ ಹೇಳುತ್ತಿದ್ದರು. "ಅವಳು ನನ್ನ ಹಂಗಿಸಿದ್ರೆ ತಡ್ಕೊಳ್ತಿದ್ದೆ. ಅವಳಿಗೆ ನಿಜವಾಗ್ಲೂ ತಿಳ್ಕೋಬೇಕಾಗಿತ್ತು ನೋಡು, ಅದಕ್ಕೇನು ಮಾಡಲಿ? ಹೇಳ್ತಾ ಕೂತೆ."

ಮಾವ ತಮ್ಮ ವಿಭಾಗಕ್ಕೆ ಮರಳಿದರು. ನೀರು ಬಿದ್ದ ತಪ್ಪಿಗಾಗಿ ಮ್ಯಾನೇಜರಿಂದ ಒಂದಿಷ್ಟು ಬೈಗುಳವೂ ಸಿಕ್ಕಿತು. ಗಾಳಿ ಹೊರಗೆ ಹೋಗಬೇಕು, ತೇವ ಒಳಗೆ ಬರಬಾರದು ಎಂಬ ಒಗಟನ್ನು ಬಿಡಿಸಲು ಆಮೇಲೆ ಗಂಡಹೆಂಡಿರಿಬ್ಬರೂ ಕೂಡಿಯೇ ಕುಳಿತರು. ನುಣುಪು ಕಾಗದ ಹೋಗಿ, ಎಳೆದರೆ ತುಸು ಹಿಗ್ಗುವ, ಗಾಳಿಯಾಡುವ ಒರಟು ಕಾಗದ ಬಂದಿತು. ತೇವ ತಡೆಯಲೆಂದು ಚೀಲದೊಳಗೆ ಹಾಕುತ್ತಿದ್ದ ಪ್ಲಾಸ್ಟಿಕ್ಕಿನ ಪದರಕ್ಕೆ, ಮೇಲಿನ ಮಡಿಕೆಯಲ್ಲಿ ಮುಚ್ಚಿಹೋಗುವ ಕಡೆಯಷ್ಟೇ, ಸೂಜಿಮೊನೆಯಂಥ ರಂಧ್ರಗಳು ಬಂದವು. ಮೊದಮೊದಲು ಆ ರಂಧ್ರಗಳಿಂದ ತೇವ ನುಗ್ಗಿ ಪುಡಿ ಗಂಟುಕಟ್ಟಿತು. ಅಡುಗೆಮನೆಯಲ್ಲಿ ಕುದಿಯುವ ನೀರಿನ ಆವಿಗೆ ಚೀಲದ ತುಂಡುಗಳನ್ನು ಹಿಡಿದು ಇಬ್ಬರೂ ವಾದಿಸುತ್ತಿದ್ದರೆ, ಅಜ್ಜಿ "ಮಾತು ಬಿಟ್ಟಿದ್ದಾಗಲೇ ಮನೆ ನೆಮ್ಮದಿಯಾಗಿತ್ತು" ಎಂದು ಗೊಣಗುತ್ತಿದ್ದರು. ಕಡೆಗೂ ಚೀಲ ನಿಂತಿತು. ಹಾಲಿನ ಕಾರ್ಖಾನೆ ನಮ್ಮವರನ್ನು ಬಿಡಲಿಲ್ಲ.

ಲೋಕದಲ್ಲಿ ಹೆಚ್ಚಿನವರಿಗೆ ತಪ್ಪಿತಸ್ಥನೊಬ್ಬ ಸಿಕ್ಕರೆ ಸಾಕು, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಬೆರಳು ತೋರಿಸಲು ಒಂದು ಮುಖ ದೊರೆತ ಮೇಲೆ ಇನ್ನಾವ ಕಾರಣವೂ ಬೇಕಾಗುವುದಿಲ್ಲ. ಅತ್ತೆಯಂಥವರು ವಿರಳ. ಅವರೂ ಎಡವುತ್ತಾರೆ, ಎಡವಿ ಹತ್ತಿರದವರನ್ನೇ ಗಾಯಗೊಳಿಸುತ್ತಾರೆ, ಅವರ ಜೊತೆ ಸಂಸಾರ ಮಾಡುವುದು ಹೂವಿನ ಹಾಸಿಗೆಯೇನಲ್ಲ. ಆದರೆ ತಿಳಿಯುವ ಆಸೆ ಅವರಲ್ಲಿ ಗೆಲ್ಲುವ ಆಸೆಗಿಂತ ಒಂದು ಗೇಣು ಎತ್ತರ ಬೆಳೆದಿರುತ್ತದೆ. ಅದಕ್ಕೇ ಇರಬೇಕು, ಬೇರೆಲ್ಲರ ಮುಂದೆ ನಾಲಗೆಯ ತುದಿಯಲ್ಲೇ ನಿಂತುಬಿಡುವ ನಿಜ ಅವರ ಮುಂದೆ ಮಾತ್ರ ಹೆದರದೆ ಹೊರಗೆ ಬರುತ್ತದೆ.